ಗಗನಯಾನದ ಕಾರ್ಖಾನೆಗೆ ಅಸ್ತಿಭಾರವಿಟ್ಟ ಶ್ರಾವಕ: ಶೇಠ್ ವಾಲಚಂದ ಹೀರಾಚಂದ

ಕರ್ನಾಟಕದ ಜೈನ ಇತಿಹಾಸದಲ್ಲಿ ಶೂರರಿಗೂ ವರ್ತಕರಿಗೂ ಸಮಾನವಾದ ಗೌರವದ ಸ್ಥಾನವಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. ಕಳಸ-ಕಾರ್ಕಳ ರಾಜ್ಯವನ್ನು ಆಳಿದ ಭೈರರಸ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಇವರ ಜೊತೆಯಲ್ಲಿ ಬಸದಿಗಳಿಗೆ ದತ್ತಿ ಬಿಟ್ಟ ಸೆಟ್ಟಿಗಳ ಹೆಸರುಗಳೂ ಶಾಸನಗಳಲ್ಲಿ ಕೆತ್ತಲ್ಪಟ್ಟಿವೆ. ಆದರೆ ಯಾವ ಶಿಲೆಯ ಮೇಲೂ ಅಲ್ಲದೆ ಹಡಗುಕಟ್ಟೆಯಲ್ಲಿ, ಸುರಂಗಮಾರ್ಗದಲ್ಲಿ ಮತ್ತು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಮ್ಮ ಹೆಸರನ್ನು ಉಳಿಸಿಹೋದ ಜೈನ ವಣಿಕರೊಬ್ಬರಿದ್ದಾರೆ. ಅವರೇ ಶೇಠ್ ವಾಲಚಂದ ಹೀರಾಚಂದ ದೋಶಿಯವರು. ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆ ಮಹಾಸಂಸ್ಥೆಯ ಮೂಲಪುರುಷರು ದಿಗಂಬರ ಜೈನ ಮನೆತನದ ವ್ಯಾಪಾರಿಯೊಬ್ಬರೆಂಬುದನ್ನು ನಮ್ಮ ತರುಣರಲ್ಲಿ ಬಲ್ಲವರು ವಿರಳ. ಆದ್ದರಿಂದ ಅವರ ಜೀವನವೃತ್ತಾಂತವನ್ನು ಧರ್ಮಬಂಧುಗಳು ಅರಿತುಕೊಳ್ಳುವುದು ಉಚಿತವಾಗಿದೆ.

ಜನನ ಮತ್ತು ಮನೆತನ

ವಾಲಚಂದರು 1882ನೆಯ ಇಸವಿಯ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನ್ಮ ತಾಳಿದರು. ಅವರ ಪೂರ್ವಿಕರು ಸೌರಾಷ್ಟ್ರದ ವಾಂಕಾನೇರದಿಂದ ವ್ಯಾಪಾರಾರ್ಥವಾಗಿ ಬಂದು ಅಲ್ಲಿ ನೆಲೆಸಿದವರು. ತಂದೆ ಹೀರಾಚಂದ ನೇಮಚಂದರು ಲೇವಾದೇವಿ ಮತ್ತು ಹತ್ತಿಯ ವ್ಯಾಪಾರದಲ್ಲಿ ಹೆಸರಾದವರು, ಧರ್ಮಜಿಜ್ಞಾಸೆಯುಳ್ಳವರು. ತಾಯಿಯು ಮಗುವನ್ನು ಹೆತ್ತ ಅಲ್ಪಕಾಲದಲ್ಲಿಯೇ ತೀರಿಕೊಂಡರು. ತಾಯಿಯ ಮುಖವನ್ನೇ ಕಾಣದ ಬಾಲಕನು ಕೂಡುಕುಟುಂಬದ ಹಿರಿಯರ ಆಶ್ರಯದಲ್ಲಿ ಬೆಳೆದನು.

ಸೊಲ್ಲಾಪುರವು ಕನ್ನಡಿಗರಿಗೆ ಪರಕೀಯವಾದ ಊರಲ್ಲ. ಮರಾಠಿ, ಕನ್ನಡ, ಗುಜರಾತಿ, ತೆಲುಗು ಭಾಷೆಗಳು ಒಂದೇ ಪೇಟೆಯ ಬೀದಿಯಲ್ಲಿ ಕೇಳಿಬರುವ ಗಡಿನಗರವದು. ಜೈನವಿದ್ಯೆಗೂ ಅದು ತವರು. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರ ತ್ಯಾಗದಿಂದ ಹುಟ್ಟಿದ ಜೀವರಾಜ ಜೈನ ಗ್ರಂಥಮಾಲೆಯು ಪ್ರಾಕೃತ, ಸಂಸ್ಕೃತ ಗ್ರಂಥಗಳನ್ನು ಬೆಳಕಿಗೆ ತಂದುದು ಅಲ್ಲಿಂದಲೇ. ಬೆಳಗಾವಿ ಜಿಲ್ಲೆಯ ಸದಲಗದ ಸುಪುತ್ರರಾದ ಡಾಕ್ಟರ್ ಆ. ನೇ. ಉಪಾಧ್ಯೆಯವರು ಆ ಮಾಲೆಯ ಸಂಪಾದಕರಲ್ಲಿ ಒಬ್ಬರಾಗಿ ಸೇವೆ ಸಲ್ಲಿಸಿದರು. ಇಂತಹ ಊರಿನ ಮಣ್ಣಿನಲ್ಲಿ ಬೆಳೆದ ವಾಲಚಂದರಿಗೆ ಧರ್ಮಸಂಸ್ಕಾರವೂ ವ್ಯಾಪಾರಸಂಸ್ಕಾರವೂ ಒಂದೇ ಮನೆಯಲ್ಲಿ ದೊರೆತವು.

1899ರಲ್ಲಿ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಬಳಿಕ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜನ್ನೂ ಪುಣೆಯ ಡೆಕ್ಕನ್ ಕಾಲೇಜನ್ನೂ ಸೇರಿದರು. ಆದರೆ ವಿದ್ಯಾಭ್ಯಾಸವು ಪದವಿಯವರೆಗೆ ಸಾಗದೆ ಮನೆಯ ವ್ಯವಹಾರಕ್ಕೆ ಮರಳಬೇಕಾಯಿತು. ಬಡ್ಡಿಯ ಲೆಕ್ಕ ಬರೆಯುವುದರಲ್ಲಿಯೂ ಹತ್ತಿಯ ಧಾರಣೆಯನ್ನು ನಿರೀಕ್ಷಿಸುತ್ತ ಕುಳಿತಿರುವುದರಲ್ಲಿಯೂ ಅವರ ಮನಸ್ಸು ನಿಲ್ಲಲಿಲ್ಲ. ಇದ್ದ ವಸ್ತುವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದಕ್ಕಿಂತ ಇಲ್ಲದ ವಸ್ತುವನ್ನು ನಿರ್ಮಿಸುವುದರ ಕಡೆಗೆ ಅವರ ಒಲವು ಹರಿಯಿತು.

ಗುತ್ತಿಗೆಯ ಕೆಲಸ

ಲಕ್ಷ್ಮಣರಾವ್ ಬಲವಂತ ಫಾಟಕ್ ಎಂಬವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು, ಗುತ್ತಿಗೆಯ ಕೆಲಸದ ಮರ್ಮವನ್ನು ಬಲ್ಲವರಾಗಿದ್ದರು. ಅವರಲ್ಲಿ ತಿಳಿವಳಿಕೆಯಿತ್ತು, ಬಂಡವಾಳವಿರಲಿಲ್ಲ. ವಾಲಚಂದರಲ್ಲಿ ಬಂಡವಾಳವಿತ್ತು, ಆ ವೃತ್ತಿಯ ಅನುಭವವಿರಲಿಲ್ಲ. ಜಾತಿ, ಕುಲಗಳನ್ನು ಎಣಿಸದೆ ಇವರಿಬ್ಬರೂ ಪಾಲುದಾರರಾದರು. ಬಾರ್ಶಿ ಲೈಟ್ ರೈಲ್ವೆಯ ಮಣ್ಣಿನ ಕೆಲಸದಿಂದ ಆರಂಭವಾದ ಈ ಪಾಲುದಾರಿಕೆಯು ಕ್ರಮೇಣ ದೊಡ್ಡ ದೊಡ್ಡ ಗುತ್ತಿಗೆಗಳನ್ನು ವಹಿಸಿಕೊಳ್ಳುವ ಯೋಗ್ಯತೆಯನ್ನು ಪಡೆಯಿತು. ಆ ಕಾಲದಲ್ಲಿ ಇಂತಹ ಕೆಲಸಗಳು ಬಹುಮಟ್ಟಿಗೆ ಬಿಳಿಯರ ಕಂಪನಿಗಳ ಪಾಲಾಗುತ್ತಿದ್ದವು.

ಮುಂಬಯಿ ಮತ್ತು ಪುಣೆಗಳ ನಡುವಣ ಬೋರ್ ಘಾಟಿಯಲ್ಲಿ ರೈಲುಮಾರ್ಗದ ಸುರಂಗಗಳು, ತಾನ್ಸಾ ಸರೋವರದಿಂದ ಮುಂಬಯಿ ನಗರಕ್ಕೆ ನೀರನ್ನು ತರುವ ಕೊಳವೆಯ ಕೆಲಸ, ಬರ್ಮಾದಲ್ಲಿ ಐರಾವತೀ ನದಿಯ ಸೇತುವೆ, ಇವೆಲ್ಲವೂ ವಾಲಚಂದರ ನಿರ್ಮಾಣಸಂಸ್ಥೆಗಳಿಂದ ನೆರವೇರಿದವು. 1926ರಲ್ಲಿ ಸ್ಥಾಪಿತವಾದ ಅವರ ಸಂಸ್ಥೆಯೇ ಮುಂದೆ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯೆಂದು ಪ್ರಸಿದ್ಧವಾಯಿತು. ಘಟ್ಟವನ್ನು ಹತ್ತಿ ಇಳಿಯುವ ಕಷ್ಟವನ್ನು ದಿನನಿತ್ಯ ಬಲ್ಲ ಕಳಸ, ಮೂಡಿಗೆರೆ ಸೀಮೆಯ ಜನರಿಗೆ, ಸಹ್ಯಾದ್ರಿಯ ಕಲ್ಲನ್ನು ಕೊರೆದು ರೈಲನ್ನು ನಡೆಸುವ ಕಾರ್ಯದ ಮಹತ್ತ್ವವನ್ನು ವಿವರಿಸಬೇಕಾದುದಿಲ್ಲ.

ಸಮುದ್ರದ ಸಾಹಸ

1919ರಲ್ಲಿ ವಾಲಚಂದರು ದೆಹಲಿಯಿಂದ ಮುಂಬಯಿಗೆ ರೈಲಿನಲ್ಲಿ ಬರುತ್ತಿದ್ದಾಗ ಸಹಪ್ರಯಾಣಿಕರೊಬ್ಬರಿಂದ ಒಂದು ಸುದ್ದಿ ಕಿವಿಗೆ ಬಿದ್ದಿತು. ಗ್ವಾಲಿಯರಿನ ಸಿಂಧಿಯಾ ಮಹಾರಾಜರಿಗೆ ಸೇರಿದ, ಮೊದಲನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯ ಹಡಗಾಗಿದ್ದ ಲಾಯಲ್ಟಿ ಎಂಬ ಉಗಿಹಡಗು ಮಾರಾಟಕ್ಕಿದೆ ಎಂಬುದೇ ಆ ಸುದ್ದಿ. ವಾಲಚಂದರು ತಡಮಾಡಲಿಲ್ಲ. ನರೋತ್ತಮ ಮೊರಾರ್ಜಿ, ಕಿಲಾಚಂದ ದೇವಚಂದ ಮೊದಲಾದವರೊಂದಿಗೆ ಸೇರಿ ಆ ಹಡಗನ್ನು ಕೊಂಡರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. 1919ರ ಏಪ್ರಿಲ್ 5ರಂದು ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಭಾರತವು ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸುತ್ತಿದೆ.

ಆದರೆ ಹಡಗು ಹೊರಟ ಮಾತ್ರಕ್ಕೆ ಜಯ ದೊರೆಯಲಿಲ್ಲ. ಬ್ರಿಟಿಷ್ ಹಡಗು ಕಂಪನಿಗಳು ಸಾಗಣೆಯ ದರವನ್ನು ತಳಮಟ್ಟಕ್ಕೆ ಇಳಿಸಿ ಈ ಹೊಸ ಕಂಪನಿಯನ್ನು ಮುಳುಗಿಸಲು ಯತ್ನಿಸಿದವು. ಬಲಿಷ್ಠ ವರ್ತಕನು ನಷ್ಟವನ್ನು ತಾಳಿಕೊಂಡು ದುರ್ಬಲ ವರ್ತಕನ ಅಂಗಡಿಯನ್ನು ಮುಚ್ಚಿಸುವ ಈ ತಂತ್ರವು ಯಾವ ಪೇಟೆಯಲ್ಲಿಯೂ ಹೊಸದಲ್ಲ. ಲಾಯಲ್ಟಿ ಹಡಗೇ ಕೆಲವು ವರ್ಷಗಳಲ್ಲಿ ಒಡೆಯುವವರ ಪಾಲಾಯಿತು. ಕಂಪನಿ ಮಾತ್ರ ಒಡೆಯಲಿಲ್ಲ. ಕರಾವಳಿಯ ಸಾಗಣೆಗೆ ಮಾತ್ರ ಸೀಮಿತವಾಗಿರಬೇಕೆಂಬ ಕಠಿಣ ಒಪ್ಪಂದಕ್ಕೂ ತಲೆಬಾಗಿ, ಕಾಲವನ್ನು ಕಾಯ್ದು, ಅದು ಬದುಕಿ ಉಳಿಯಿತು. 1929ರಲ್ಲಿ ನರೋತ್ತಮ ಮೊರಾರ್ಜಿಯವರು ತೀರಿಕೊಂಡ ನಂತರ ವಾಲಚಂದರೇ ಅದರ ಅಧ್ಯಕ್ಷರಾಗಿ 1950ರವರೆಗೆ ಮುನ್ನಡೆಸಿದರು. ಭಾರತೀಯ ವರ್ತಕರ ಸಂಘಗಳ ಮಹಾಮಂಡಲವು 1927ರಲ್ಲಿ ಸ್ಥಾಪಿತವಾದಾಗ ಅದರ ಮುಂದಾಳುಗಳ ಸಾಲಿನಲ್ಲಿ ಅವರಿದ್ದರು.

ದೇಶಕ್ಕೆ ಸ್ವಂತ ಹಡಗಿಲ್ಲದಿರುವುದರ ಕಷ್ಟವೇನೆಂಬುದನ್ನು ಕಾಫಿ ಸೀಮೆಯ ಬೆಳೆಗಾರರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೆನ್ನಾಗಿ ಅನುಭವಿಸಿದರು. 1939ರಲ್ಲಿ ಯುದ್ಧವಾರಂಭವಾಗಲು ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಸರಕು ಸಾಗಿಸಲು ಹಡಗುಗಳು ದುರ್ಲಭವಾದವು. ಮಲೆನಾಡಿನ ಕಾಫಿಗೆ ಬೆಲೆಯಿಲ್ಲದಾಯಿತು. 1940ರಲ್ಲಿ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಯನ್ನು ಮಾಡಬೇಕಾಯಿತು. 1942ರ ಕಾಫಿ ಕಾಯಿದೆಯೂ ಕಾಫಿ ಮಂಡಲಿಯ ಹರಾಜಿನ ಪದ್ಧತಿಯೂ ಇದರ ಫಲವೇ. ಅನ್ಯರ ವಾಹನವನ್ನು ನಂಬಿದ ದೇಶದ ಬೆಳೆಯು ಕಣದಲ್ಲಿಯೇ ಉಳಿಯುತ್ತದೆಂಬ ಪಾಠವನ್ನು ವಾಲಚಂದರು ಇಪ್ಪತ್ತು ವರ್ಷಗಳಷ್ಟು ಮೊದಲೇ ಕಲಿತಿದ್ದರು.

ಮೋಟಾರಿನಿಂದ ವಿಮಾನಕ್ಕೆ

ನೆಲದ ಮೇಲೆ ರೈಲುಮಾರ್ಗವಾಯಿತು, ನೀರಿನ ಮೇಲೆ ಹಡಗಾಯಿತು. ಮುಂದೆ ಮೋಟಾರು ವಾಹನಗಳನ್ನು ದೇಶದಲ್ಲಿಯೇ ತಯಾರಿಸಬೇಕೆಂಬ ಹಂಬಲ ವಾಲಚಂದರಲ್ಲಿ ಬಲಿಯಿತು. ಈ ವಿಷಯದಲ್ಲಿ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ವಿಶ್ವೇಶ್ವರಯ್ಯನವರು 1935ರ ಸುಮಾರಿಗೆ ಯೂರೋಪು, ಅಮೆರಿಕೆಗಳ ಕಾರ್ಖಾನೆಗಳನ್ನು ನೋಡಿಬಂದು ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದ್ದರು. ಆ ಯೋಜನೆಗಾಗಿ ವಾಲಚಂದರು 1939ರಲ್ಲಿ ಅಮೆರಿಕೆಗೆ ಹೋಗಿ ಅಲ್ಲಿಯ ಕಂಪನಿಗಳೊಡನೆ ಮಾತುಕತೆ ನಡೆಸಿದರು.

ಅಲ್ಲಿಂದ ಹಿಂದಿರುಗುವಾಗ ಪೆಸಿಫಿಕ್ ಮಹಾಸಾಗರವನ್ನು ದಾಟುವ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲಿಯವರು ಚೀನಾ ದೇಶದಲ್ಲಿ ವಿಮಾನಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದವರು. ಚೀನಾದಲ್ಲಿ ಸಾಧ್ಯವಾದುದು ಭಾರತದಲ್ಲಿ ಏಕೆ ಸಾಧ್ಯವಾಗಬಾರದು ಎಂಬ ವಿಚಾರವು ವಾಲಚಂದರಲ್ಲಿ ಬೇರೂರಿತು. ರೈಲಿನ ಪ್ರಯಾಣವೊಂದು ಹಡಗಿನ ಉದ್ಯಮಕ್ಕೆ ಕಾರಣವಾದಂತೆ ವಿಮಾನದ ಪ್ರಯಾಣವೊಂದು ವಿಮಾನದ ಉದ್ಯಮಕ್ಕೆ ಕಾರಣವಾಯಿತು. ಇಂತಹ ಮಾತುಗಳನ್ನು ಪ್ರಯಾಣದಲ್ಲಿ ಕೇಳಿದವರು ಅನೇಕರಿರಬಹುದು. ಕೇಳಿದುದನ್ನು ಮರುದಿನವೇ ಕಾರ್ಯಕ್ಕೆ ಹಚ್ಚುವವರು ವಿರಳ.

ಮೊದಲಿಗೆ ಭಾರತದ ಬ್ರಿಟಿಷ್ ಸರಕಾರವು ಈ ಯೋಜನೆಗೆ ಒಲವು ತೋರಲಿಲ್ಲ. ಆದರೆ 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶವು ಜರ್ಮನಿಗೆ ಶರಣಾಯಿತು. ಇಂಗ್ಲೆಂಡಿನಿಂದ ಭಾರತಕ್ಕೆ ವಿಮಾನಗಳು ಬರುವ ಆಸೆಯೇ ಉಳಿಯಲಿಲ್ಲ. ಆಗ ಸರಕಾರವು ತನ್ನ ಹಟವನ್ನು ಬಿಟ್ಟು ಅನುಮತಿಯಿತ್ತಿತು.

ಮೈಸೂರು ಸಂಸ್ಥಾನದ ಔದಾರ್ಯ

ಕಾರ್ಖಾನೆಯನ್ನು ಎಲ್ಲಿ ಸ್ಥಾಪಿಸಬೇಕೆಂಬ ಪ್ರಶ್ನೆ ಬಂದಾಗ ವಾಲಚಂದರು ಹಲವು ದೇಶೀಯ ಸಂಸ್ಥಾನಗಳನ್ನು ವಿಚಾರಿಸಿದರು. ತ್ವರಿತವಾಗಿಯೂ ಮನಃಪೂರ್ವಕವಾಗಿಯೂ ಮುಂದೆ ಬಂದುದು ಮೈಸೂರು ಸಂಸ್ಥಾನ. ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರು ಕೈಗಾರಿಕೆಗಳ ವಿಷಯದಲ್ಲಿ ದೂರದೃಷ್ಟಿಯುಳ್ಳವರು. ಮೈಸೂರು ಸರಕಾರವು ಬೆಂಗಳೂರಿನ ಪೂರ್ವಕ್ಕೆ 700 ಎಕರೆ ಭೂಮಿಯನ್ನು ಕೊಟ್ಟಿತು; ಇಪ್ಪತ್ತೈದು ಲಕ್ಷ ರೂಪಾಯಿಗಳ ಬಂಡವಾಳವನ್ನೂ ಹೂಡಿತು. 1902ರಿಂದ ಶಿವನಸಮುದ್ರದಲ್ಲಿ ಉತ್ಪನ್ನವಾಗುತ್ತಿದ್ದ ವಿದ್ಯುಚ್ಛಕ್ತಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಬೆಂಗಳೂರಿನ ವಿಜ್ಞಾನಮಂದಿರ, ಸಮುದ್ರತೀರದಿಂದ ದೂರವಾದ ಸುರಕ್ಷಿತ ಸ್ಥಾನ, ತಂಪಾದ ಹವೆ, ಈ ಎಲ್ಲ ಅನುಕೂಲಗಳೂ ಒಂದೆಡೆಯಲ್ಲಿ ಕೂಡಿಬಂದವು.

1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಂದಿಗೆ ಬೆಂಗಳೂರಿನಲ್ಲಿ ನೋಂದಾಯಿಸಲ್ಪಟ್ಟಿತು. ವಾಲಚಂದರೊಂದಿಗೆ ತುಳಸೀದಾಸ ಕಿಲಾಚಂದ ಮತ್ತು ಧರಮಸೀ ಮೂಲರಾಜ ಖಟಾವು ಅವರು ಪ್ರವರ್ತಕರಾಗಿದ್ದರು. ಡೊಮ್ಲೂರು ರಸ್ತೆಯ ಈವೆಂಟೈಡ್ ಎಂಬ ಬಂಗಲೆಯಲ್ಲಿ ಮೊದಲ ಕಛೇರಿ ತೆರೆಯಿತು. 1941ರ ಮಾರ್ಚ್ ತಿಂಗಳಲ್ಲಿ ಭಾರತ ಸರಕಾರವೂ ಇಪ್ಪತ್ತೈದು ಲಕ್ಷ ರೂಪಾಯಿಗಳನ್ನು ಹಾಕಿ ಮೂರನೆಯ ಪಾಲುದಾರನಾಯಿತು. ಯಂತ್ರಗಳೂ ತಜ್ಞರೂ ಅಮೆರಿಕೆಯಿಂದ ಬಂದರು. ಕೆಲಸಕ್ಕೆ ಬಂದ ನಮ್ಮ ತರುಣರಲ್ಲಿ ವಿಮಾನವನ್ನು ಹತ್ತಿರದಿಂದ ಕಂಡಿದ್ದವರೇ ಕಡಿಮೆ. ಅವರಿಗೆ ಮೊಳೆಬಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಬೇಕಾಯಿತು.

ಇಷ್ಟಾದರೂ ನೋಂದಣಿಯಾದ ಒಂದು ವರ್ಷದೊಳಗೆ, 1941ರ ಆಗಸ್ಟ್ ತಿಂಗಳಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನವು ಇಲ್ಲಿ ಜೋಡಣೆಗೊಂಡು ಬೆಂಗಳೂರಿನ ಆಕಾಶಕ್ಕೆ ಏರಿತು. 1942ರ ಜುಲೈ ತಿಂಗಳಲ್ಲಿ ಕರ್ಟಿಸ್ ಹಾಕ್ ಎಂಬ ಕಾಳಗದ ವಿಮಾನವು ಹಾರಿತು. ಸೂಜಿಯಂತಹ ಸಣ್ಣ ಯಂತ್ರಭಾಗಕ್ಕೂ ಪರದೇಶವನ್ನು ನೋಡುತ್ತಿದ್ದ ದೇಶದಲ್ಲಿ ಇದು ಸಾಮಾನ್ಯವಾದ ಸಾಧನೆಯಲ್ಲ.

ಕೈಬಿಟ್ಟ ಕಾರ್ಖಾನೆ

ಆದರೆ ಎರಡನೆಯ ವಿಮಾನವು ಹಾರುವ ಹೊತ್ತಿಗೆ ಕಾರ್ಖಾನೆಯು ವಾಲಚಂದರದಾಗಿ ಉಳಿದಿರಲಿಲ್ಲ. 1941ರ ಕೊನೆಯಲ್ಲಿ ಜಪಾನು ಯುದ್ಧಕ್ಕಿಳಿದು ಮಲಯ, ಸಿಂಗಾಪುರ, ಬರ್ಮಾಗಳನ್ನು ಆಕ್ರಮಿಸುತ್ತ ಬಂದಿತು. ಶತ್ರುವು ಬಾಗಿಲಿಗೆ ಬಂದಿರುವಾಗ ವಿಮಾನ ಕಾರ್ಖಾನೆಯು ಖಾಸಗಿಯವರ ಕೈಯಲ್ಲಿರಬಾರದೆಂದು ಸರಕಾರವು ನಿಶ್ಚಯಿಸಿತು. 1942ರ ಏಪ್ರಿಲ್ 2ರಂದು ವಾಲಚಂದರ ಮತ್ತು ಅವರ ಜೊತೆಗಾರರ ಷೇರುಗಳನ್ನು ಸರಕಾರವು ಕೊಂಡುಕೊಂಡಿತು. ಮೈಸೂರು ಸರಕಾರವು ತನ್ನ ಪಾಲನ್ನು ಮಾರಲೊಪ್ಪದೆ ಉಳಿಸಿಕೊಂಡು ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು.

ಇದಾದ ನಾಲ್ಕನೆಯ ದಿನವೇ, ಏಪ್ರಿಲ್ 6ರಂದು, ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬುಗಳನ್ನು ಹಾಕಿದವು. ಆ ವಿಶಾಖಪಟ್ಟಣದಲ್ಲಿಯೇ ವಾಲಚಂದರ ಹಡಗುಕಟ್ಟೆಗೆ 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದ್ದರು. ಒಂದೇ ವಾರದಲ್ಲಿ ಒಂದು ಉದ್ಯಮವು ಕೈಬಿಟ್ಟುಹೋಯಿತು, ಇನ್ನೊಂದರ ಊರಿನ ಮೇಲೆ ಬೆಂಕಿ ಸುರಿಯಿತು. ಬಂಡವಾಳ ಹೂಡಿದ ಯಾವ ವರ್ತಕನಿಗಾದರೂ ಇಂತಹ ವಾರವು ಎದೆಯನ್ನು ನಡುಗಿಸುವಂತಹದು.

ವಾಲಚಂದರು ಲಾಭವನ್ನು ಬಯಸದ ವಿರಕ್ತರಾಗಿರಲಿಲ್ಲ. ಅವರು ವ್ಯಾಪಾರಿಗಳು, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಲೆಕ್ಕವಿಡುವವರು. ಆದರೂ ಆ ಕಾರ್ಖಾನೆಗಾಗಿ ಅಳುತ್ತ ಕೂರದೆ ಹಡಗುಕಟ್ಟೆಯನ್ನು ಮುಂದುವರಿಸಿದರು; 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಮೋಟಾರು ಕಂಪನಿಯನ್ನು ಸ್ಥಾಪಿಸಿ ಹಳೆಯ ಹಂಬಲವನ್ನು ಪೂರ್ಣಗೊಳಿಸಿದರು. ಕಟ್ಟಿದವನೇ ಒಡೆಯನಾಗಿರಬೇಕೆಂಬ ನಿಯಮವಿಲ್ಲ. ಕಟ್ಟಿದ್ದು ನಿಂತಿರಬೇಕೆಂಬುದೇ ಮುಖ್ಯ. ಬಸದಿಯನ್ನು ಕಟ್ಟಿಸಿ ಸಮಾಜದ ವಶಕ್ಕೆ ಕೊಡುವ ಶ್ರಾವಕನು ಇದನ್ನು ಚೆನ್ನಾಗಿ ಬಲ್ಲನು. ವಾಲಚಂದರು ತಾವಾಗಿ ಕೊಡಲಿಲ್ಲ, ಕೊಡಬೇಕಾಗಿ ಬಂದಿತು. ಆದರೆ ಕೊಟ್ಟ ಮೇಲೆ ಅವರ ಪುರುಷಾರ್ಥವು ಕುಂದಲಿಲ್ಲ.

ಅಹಿಂಸಾಧರ್ಮ ಮತ್ತು ರಕ್ಷಣೆಯ ಉದ್ಯಮ

ಇಲ್ಲಿ ಧರ್ಮಜಿಜ್ಞಾಸುಗಳಿಗೆ ಒಂದು ಸಂಶಯವು ಬರುವುದು ಸಹಜ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಕುಲದಲ್ಲಿ ಹುಟ್ಟಿದವರು ಯುದ್ಧವಿಮಾನಗಳ ಕಾರ್ಖಾನೆಯನ್ನು ಕಟ್ಟಬಹುದೇ? ಈ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದೂ ಒಂದು; ಕೊಲ್ಲುವ ಸಾಧನಗಳನ್ನು ನಿಷ್ಪ್ರಯೋಜನವಾಗಿ ಇತರರಿಗೆ ಒದಗಿಸುವುದನ್ನು ಶ್ರಾವಕನು ತ್ಯಜಿಸಬೇಕೆಂಬುದು ಶಾಸ್ತ್ರದ ಅಭಿಪ್ರಾಯ. ಆದುದರಿಂದ ಶಸ್ತ್ರವ್ಯಾಪಾರವು ಎಂತಹ ಸಂದರ್ಭದಲ್ಲಿಯೂ ನಿರ್ದೋಷವೆಂದು ಹೇಳಲಾಗದು.

ಆದರೆ ಶಾಸ್ತ್ರಕಾರರು ಮುನಿಧರ್ಮವನ್ನೂ ಗೃಹಸ್ಥಧರ್ಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಗೃಹಸ್ಥನಿಗೆ ಸಂಬಂಧಿಸಿದ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡತಕ್ಕದ್ದು. ಅಡಿಗೆ, ಮನೆವಾರ್ತೆಗಳಲ್ಲಿಯೂ ಬೇಸಾಯ, ವೃತ್ತಿಗಳಲ್ಲಿಯೂ ಆಗುವ ಹಿಂಸೆಯನ್ನು ಯತ್ನಪೂರ್ವಕವಾಗಿ ಕಡಿಮೆ ಮಾಡತಕ್ಕದ್ದು. ತನ್ನನ್ನೂ ತನ್ನವರನ್ನೂ ನಾಡನ್ನೂ ಆಕ್ರಮಿಸಿ ಬಂದವನನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯ. ತೋಟಕ್ಕೆ ಗುದ್ದಲಿ ಹಾಕುವ ಬೆಳೆಗಾರನಿಂದ ಗಡಿಯನ್ನು ಕಾಯುವ ಸೈನಿಕನವರೆಗೆ ಎಲ್ಲರಿಗೂ ಈ ವಿವೇಕವು ಅನ್ವಯಿಸುತ್ತದೆ. ಚಾವುಂಡರಾಯನು ಸಮರದಲ್ಲಿ ಖಡ್ಗವನ್ನು ಹಿಡಿದವನು. ಅವನೇ ತ್ಯಾಗಮೂರ್ತಿಯಾದ ಬಾಹುಬಲಿಯನ್ನು ನಿಲ್ಲಿಸಿದವನು. ಬಾಹುಬಲಿಯಾದರೋ ಗೆದ್ದ ಮೇಲೆ ಎತ್ತಿದ ಕೈಯನ್ನು ಇಳಿಸಿದ ಮಹಾತ್ಮ. ಬಲವಿದ್ದವನ ಕ್ಷಮೆಗೆ ಮಾತ್ರ ಕ್ಷಮೆಯೆಂಬ ಹೆಸರು ಸಲ್ಲುತ್ತದೆ.

ಯುದ್ಧದ ವಿಮಾನವನ್ನು ಕಟ್ಟಿದ ಕಾರ್ಖಾನೆಯ ಮುಂದಿನ ಇತಿಹಾಸವೂ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಕೊಡುತ್ತದೆ.

ಬೀಜವು ವೃಕ್ಷವಾದ ಬಗೆ

1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ದುರಸ್ತಿಯ ಕೇಂದ್ರವಾಯಿತು. ಯುದ್ಧವು ಮುಗಿದು ದೇಶವು ಸ್ವತಂತ್ರವಾದ ಮೇಲೆ ಇಲ್ಲಿ ಉಕ್ಕಿನ ರೈಲುಗಾಡಿಗಳೂ ಬಸ್ಸಿನ ಒಡಲುಗಳೂ ತಯಾರಾದವು. ವಿಮಾನ ಕಟ್ಟುವ ಕೈಗಳೇ ಜನರನ್ನು ಊರಿಂದೂರಿಗೆ ಒಯ್ಯುವ ಗಾಡಿಗಳನ್ನು ಕಟ್ಟಿದವು. ಯುದ್ಧಾನಂತರ ಕಾನ್ಪುರದಲ್ಲಿ ಬಿಸುಟಿದ್ದ ಲಿಬರೇಟರ್ ವಿಮಾನಗಳನ್ನು ಬೆಂಗಳೂರಿಗೆ ತಂದು, ಗುಜರಿಯೆಂದು ಎಣಿಸಲಾದುದನ್ನು ಮತ್ತೆ ಹಾರುವಂತೆ ಮಾಡಿದುದು ಇಲ್ಲಿಯ ಕೆಲಸಗಾರರ ಕೌಶಲಕ್ಕೆ ಸಾಕ್ಷಿ. 1951ರ ಜನವರಿಯಲ್ಲಿ ಕಂಪನಿಯು ರಕ್ಷಣಾ ಮಂತ್ರಾಲಯದ ಅಧೀನಕ್ಕೆ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರು ರೂಪಿಸಿದ ಎಚ್.ಟಿ.-2 ಎಂಬ ತರಬೇತಿ ವಿಮಾನವು ಹಾರಿತು. ಪರರ ನಕ್ಷೆಯನ್ನು ಆಶ್ರಯಿಸದೆ ನಮ್ಮವರೇ ರೂಪಿಸಿದ ವಿಮಾನವದು.

1961ರ ಜೂನ್ 17ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಮಾರುತ ಎಂಬ ಜೆಟ್ ಯುದ್ಧವಿಮಾನವು ಆಕಾಶಕ್ಕೇರಿತು. 1964ರ ಅಕ್ಟೋಬರ್ 1ರಂದು ಬೇರೆ ಸಂಸ್ಥೆಗಳೊಡನೆ ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರು ಬಂದಿತು. ಇಲ್ಲಿ ತಯಾರಾಗುತ್ತಿದ್ದ ನ್ಯಾಟ್ ಎಂಬ ಚಿಕ್ಕ ವಿಮಾನಗಳು 1965 ಮತ್ತು 1971ರ ಯುದ್ಧಗಳಲ್ಲಿ ತಮಗಿಂತ ದೊಡ್ಡ ವಿಮಾನಗಳನ್ನು ಎದುರಿಸಿ ನಿಂತವು. 1971ರ ಡಿಸೆಂಬರ್ 14ರಂದು ಶ್ರೀನಗರದ ರಕ್ಷಣೆಗಾಗಿ ನ್ಯಾಟ್ ವಿಮಾನದಲ್ಲಿ ಹಾರಿ ಪ್ರಾಣವನ್ನರ್ಪಿಸಿದ ನಿರ್ಮಲ್‌ಜಿತ್ ಸಿಂಗ್ ಸೆಖೋನರಿಗೆ ಪರಮವೀರ ಚಕ್ರವು ಸಂದಿತು.

1992ರಲ್ಲಿ ಮೊದಲ ಬಾರಿ ಹಾರಿದ ಧ್ರುವ ಹೆಲಿಕಾಪ್ಟರು ಸೈನ್ಯಕ್ಕೆ ಉಪಯುಕ್ತವಾದಷ್ಟೇ ಸಂಕಟದಲ್ಲಿರುವ ಜನರಿಗೂ ಆಸರೆಯಾಯಿತು. 2013ರಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ಸಿಕ್ಕಿಬಿದ್ದ ಯಾತ್ರಿಕರನ್ನು ಬೆಟ್ಟದ ಕಡಿದಾದ ಎಡೆಗಳಿಂದ ಎತ್ತಿ ತಂದ ವಾಹನಗಳಲ್ಲಿ ಅದೂ ಒಂದು. 2001ರ ಜನವರಿ 4ರಂದು ತೇಜಸ್ ಎಂಬ ಲಘು ಯುದ್ಧವಿಮಾನವು ಹಾರಿ, 2016ರಲ್ಲಿ ವಾಯುಸೇನೆಯನ್ನು ಸೇರಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಯಾಯಿತು.

ವಿಮಾನಗಳಲ್ಲದೆ ಅಂತರಿಕ್ಷದ ಕಾರ್ಯಕ್ಕೂ ಈ ಸಂಸ್ಥೆಯ ಸೇವೆ ಸಲ್ಲುತ್ತಿದೆ. ಇಸ್ರೋ ಸಂಸ್ಥೆಯ ಪಿ.ಎಸ್.ಎಲ್.ವಿ., ಜಿ.ಎಸ್.ಎಲ್.ವಿ. ರಾಕೆಟ್ಟುಗಳ ಇಂಧನದ ತೊಟ್ಟಿಗಳು ಹಾಗೂ ಒಡಲಿನ ಭಾಗಗಳು ಬೆಂಗಳೂರಿನ ಈ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಮನುಷ್ಯರನ್ನು ಅಂತರಿಕ್ಷಕ್ಕೆ ಒಯ್ಯುವ ಕೋಶದ ಪ್ರಯೋಗಾರ್ಥ ಮಾದರಿಯ ಕಟ್ಟೋಣವನ್ನು ಇಲ್ಲಿಯೇ ಮಾಡಲಾಯಿತು. 2014ರ ಡಿಸೆಂಬರ್ 18ರಂದು ಅದು ಮೇಲಕ್ಕೇರಿ ಸುರಕ್ಷಿತವಾಗಿ ಸಮುದ್ರಕ್ಕಿಳಿಯಿತು. ಭಾರತದ ಅಂತರಿಕ್ಷ ಕಾರ್ಯಕ್ರಮಕ್ಕೆ ಬುನಾದಿಯಿಟ್ಟ ಡಾಕ್ಟರ್ ವಿಕ್ರಮ ಸಾರಾಭಾಯಿಯವರೂ ಅಹಮದಾಬಾದಿನ ಜೈನ ಮನೆತನದವರೆಂಬುದನ್ನು ಇಲ್ಲಿ ಸ್ಮರಿಸಬಹುದು. ವಣಿಕ ಕುಲದ ಇಬ್ಬರು, ಒಬ್ಬರು ಬಂಡವಾಳದಿಂದ, ಒಬ್ಬರು ವಿಜ್ಞಾನದಿಂದ, ನಾಡಿನ ದೃಷ್ಟಿಯನ್ನು ಆಕಾಶದ ಕಡೆಗೆ ಎತ್ತಿದರು.

ಕೊನೆಯ ದಿನಗಳು

1948ರ ಮಾರ್ಚ್ 14ರಂದು ವಿಶಾಖಪಟ್ಟಣದ ಕಟ್ಟೆಯಿಂದ ಜಲಉಷಾ ಎಂಬ ಹಡಗನ್ನು ಪ್ರಧಾನಿ ಜವಾಹರಲಾಲ ನೆಹರೂ ಅವರು ನೀರಿಗಿಳಿಸಿದರು. ಸ್ವತಂತ್ರ ಭಾರತದಲ್ಲಿ ಕಟ್ಟಲ್ಪಟ್ಟ ಮೊದಲ ದೊಡ್ಡ ಉಗಿಹಡಗು ಅದು. ಕೊಂಡ ಹಡಗಿನಿಂದ ಆರಂಭಿಸಿದವರು ಕಟ್ಟಿದ ಹಡಗನ್ನು ಕಣ್ಣಾರೆ ಕಂಡರು. ಆದರೆ ಮರುವರ್ಷವೇ, 1949ರಲ್ಲಿ, ಪಾರ್ಶ್ವವಾಯುವು ವಾಲಚಂದರನ್ನು ಬಾಧಿಸಿತು. 1950ರಲ್ಲಿ ಅವರು ವ್ಯವಹಾರಗಳಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿಯವರು ಕೊನೆಯವರೆಗೂ ಶುಶ್ರೂಷೆ ಮಾಡಿದರು. ಎಷ್ಟೋ ಸಾವಿರ ಕೆಲಸಗಾರರನ್ನು ನಡೆಸಿದ ಕೈಯು ತನ್ನದೇ ಕೆಲಸಕ್ಕೂ ಪರರ ಆಸರೆಯನ್ನು ಬೇಡುವಂತಾದುದು ಸಂಸಾರದ ಅನಿತ್ಯತೆಯನ್ನು ಸಾರುತ್ತದೆ. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ದೇಹತ್ಯಾಗ ಮಾಡಿದರು. ಅವರ ಉದ್ಯಮಗಳ ಭಾರವನ್ನು ತಮ್ಮಂದಿರು ಹೊತ್ತರು.

ಹಡಗುಕಟ್ಟೆಯೂ ಕಾಲಕ್ರಮದಲ್ಲಿ ಸರಕಾರದ ವಶವಾಯಿತು. ಆದರೆ ವಿದ್ಯಾದಾನದ ರೂಪದಲ್ಲಿ ಅವರ ಹೆಸರು ಬಾಳುತ್ತಿದೆ. ಸಾಂಗಲಿಯ ಇಂಜಿನಿಯರಿಂಗ್ ಕಾಲೇಜು 1955ರಿಂದ ವಾಲಚಂದರ ಹೆಸರನ್ನು ಹೊತ್ತು ನಡೆಯುತ್ತಿದೆ. ಉತ್ತರ ಕರ್ನಾಟಕದ ಎಷ್ಟೋ ತರುಣರು ಅಲ್ಲಿ ವಿದ್ಯೆ ಕಲಿತಿದ್ದಾರೆ. ಸೊಲ್ಲಾಪುರದಲ್ಲಿಯೂ ಅವರ ಮನೆತನದ ಹೆಸರಿನ ವಿದ್ಯಾಸಂಸ್ಥೆಗಳಿವೆ. 2004ರಲ್ಲಿ ಭಾರತ ಸರಕಾರವು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ವಾಲಚಂದರ ಜೀವನದಿಂದ ನಮ್ಮ ಸಮಾಜವು ಕಲಿಯಬೇಕಾದುದು ಬಹಳವಿದೆ. ಬಂಡವಾಳವಿದ್ದವರು ಅದನ್ನು ಬಡ್ಡಿಗೆ ಕಟ್ಟಿಹಾಕದೆ ಹತ್ತು ಜನರ ಕೈಗೆ ಕೆಲಸ ಕೊಡುವ ಉದ್ಯಮದಲ್ಲಿ ತೊಡಗಿಸಬಹುದು. ತಿಳಿವಳಿಕೆಯುಳ್ಳ ಬಡವರನ್ನು, ಅವರು ಯಾವ ಕುಲದವರೇ ಆಗಿರಲಿ, ಪಾಲುದಾರರನ್ನಾಗಿ ಸ್ವೀಕರಿಸಬಹುದು. ಸೋತ ವ್ಯವಹಾರಕ್ಕಾಗಿ ಮರುಗುತ್ತ ಕಾಲ ಕಳೆಯದೆ ಮುಂದಿನ ಕಾರ್ಯಕ್ಕೆ ಕೈಹಚ್ಚಬಹುದು. ಕಾಫಿ, ಏಲಕ್ಕಿ, ಮೆಣಸುಗಳನ್ನು ಬೆಳೆದು ಮಾರುವ ಘಟ್ಟದ ಮನೆಗಳ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಬೆಂಗಳೂರಿನ ಕಾರ್ಖಾನೆ, ಪ್ರಯೋಗಶಾಲೆಗಳ ಹಾದಿಯನ್ನು ಹಿಡಿಯುತ್ತಿದ್ದಾರೆ. ಅಂತಹವರಲ್ಲಿ ಯಾರಾದರೂ ಆ ವಿಮಾನ ಕಾರ್ಖಾನೆಯ ಹೆಬ್ಬಾಗಿಲನ್ನು ದಾಟುವಾಗ, 1940ರಲ್ಲಿ ಅಲ್ಲಿ ಬರಿಯ ಬಯಲಿತ್ತೆಂಬುದನ್ನೂ, ಆ ಬಯಲಿನಲ್ಲಿ ಮೊದಲ ಹಣವನ್ನು ಹೂಡಿದವರು ಸೊಲ್ಲಾಪುರದ ಒಬ್ಬ ಜೈನ ಶ್ರಾವಕರೆಂಬುದನ್ನೂ ನೆನೆಯಲಿ. ತಮ್ಮ ಕೈಯಿಂದ ತಯಾರಾಗುವ ಶಕ್ತಿಯು ದುರ್ಬಲರ ರಕ್ಷಣೆಗಲ್ಲದೆ ಪರಪೀಡನೆಗೆ ಬಳಕೆಯಾಗದಿರಲಿ ಎಂಬ ಭಾವನೆಯನ್ನೂ ತಾಳಲಿ. ಅಂತಹ ಶ್ರಾವಕ ಪರಂಪರೆಯು ನಮ್ಮಲ್ಲಿ ಅವಿಚ್ಛಿನ್ನವಾಗಿ ಬೆಳೆಯಲೆಂದು ಜಿನೇಶ್ವರನಲ್ಲಿ ಭಾವಿಸೋಣ.